ನಕಲಿನವರಿಗೆ ದೋಣಿ ಇಲ್ಲ

ಜನವರಿ 11

ಪ್ರೀತಿಯ ಅಪ್ಪ,

ಕೊನೆಗೂ ಕಾಗದ! ಫೋನಿನಲ್ಲಿ ನಾನು ಮಾತಾಡಿದರೆ ನಿಮ್ಮ ಕಿವಿಗೆ ಬರೀ ಗಿಜಿಗಿಜಿ ಕೇಳುತ್ತದೆ, ಬರೆದರೆ ನಿಧಾನವಾಗಿ ಓದಬಹುದು ಎಂದಿರಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಇಂಗ್ಲಿಷ್ ಮೀಡಿಯಂ ಕನ್ನಡ, ತಪ್ಪಿದ್ದರೆ ತಿದ್ದಿ. ಬೇಡ ಅಂದರೂ ತಿದ್ದುತ್ತೀರಿ ಬಿಡಿ, ಕೆಂಪು ಪೆನ್ನು ಜೇಬಿನಿಂದ ಇಳಿಯುವುದೇ ಇಲ್ಲವಲ್ಲ.

ಮದುವೆಯಾಗಿ ಇವತ್ತಿಗೆ ಮೂವತೆಂಟು ದಿನ! ಮನೆ ಮೂರನೆಯ ಮಹಡಿ, ಎರಡೇ ಕೋಣೆ, ಆದರೆ ಎಂಥ ಬೆಳಕು ಅಂತೀರಿ. ಅಡುಗೆಮನೆಯ ನಲ್ಲಿ ತಿರುಗಿಸಿದರೆ ಬಚ್ಚಲಿನ ನಲ್ಲಿ ಕೆಮ್ಮುತ್ತದೆ. ಎದುರು ಮನೆಯಾಕೆ ಬಟ್ಟೆ ಒಣಹಾಕುವ ಹಗ್ಗ ನಮ್ಮ ಕಿಟಕಿಗೆ ಎಷ್ಟು ಹತ್ತಿರ ಎಂದರೆ ನಿನ್ನೆ ನನ್ನ ಕೈಯಿಂದಲೇ ಎರಡು ಕ್ಲಿಪ್ಪು ಇಸಿದುಕೊಂಡರು. ಇವರು ಹಲ್ಲುಜ್ಜುವಾಗಲೂ ಹಾಡುತ್ತಾರೆ. ("ಹೆಸರು ಹಿಡಿದು ಕರೀಬೇಡಮ್ಮ, ಇವರು ಅನ್ನು" ಎಂದರು ಅತ್ತೆ. "ಇವರು ಅಂದ್ರೆ ಎಷ್ಟು ಜನ ಅತ್ತೆ?" ಎಂದು ಕೇಳಿಬಿಟ್ಟೆ! ಮಾವನವರು ನೀರು ಕುಡಿಯುತ್ತಿದ್ದರು, ನೆತ್ತಿಗೇರಿತು.) ನೀವು ನನ್ನನ್ನು ಗುಂಡಿ ಎನ್ನುವುದು ಕೇಳಿ "ಹೆತ್ತ ಮಗಳನ್ನ ಯಾರಾದ್ರೂ ಹಳ್ಳ ಅಂತಾರಾ?" ಎಂದೂ ಅತ್ತೆ ಕೇಳಿದರು. ಯಂತ್ರದಲ್ಲಿ ಒತ್ತುವ ಗುಂಡಿ ಎಂದು ಬಿಡಿಸಿ ಹೇಳಬೇಕಾಯಿತು.

ಈಗ ದೊಡ್ಡ ಸುದ್ದಿ. ಕೂತುಕೊಂಡು ಓದಿ!

ಇವರ ಅಂಗಡಿ ಮನೆಯಿಂದ ನೂರಿಪ್ಪತ್ತು ಹೆಜ್ಜೆ. ಕೈಯಲ್ಲಿ ಹಿಡಿದು ಆಡುವ ಗೇಮ್ ಯಂತ್ರಗಳ ರಿಪೇರಿ. ಒಡೆದ ಪರದೆ, ಅಂಟಿಕೊಂಡ ಗುಂಡಿ, ಸತ್ತ ಬ್ಯಾಟರಿ. ಇವರದೇ ಸ್ವಂತಕ್ಕೆ ಒಂದು ಕ್ಯಾಸೆಟ್ಟಿದೆ. ನೋಡಲು ಎಲ್ಲ ಗೇಮ್ ಕ್ಯಾಸೆಟ್ಟಿನ ಹಾಗೆಯೇ, ಬೆಂಕಿಪೆಟ್ಟಿಗೆಯಷ್ಟು, ಆದರೆ ಪಕ್ಕದಲ್ಲಿ ಒಂದು ಸೀಳು, ಅದರೊಳಗೆ ಮೆಮೊರಿ ಕಾರ್ಡು. ಫ್ಲ್ಯಾಶ್ ಕಾರ್ಟ್ ಅಂತ. ಕಾರ್ಡಿಗೆ ಏನು ತುಂಬಿಸಿದರೂ ಯಂತ್ರ ಅದನ್ನು ಅಸಲು ಕ್ಯಾಸೆಟ್ಟು ಎಂದೇ ನಂಬುತ್ತದೆ. ಇವರದರಲ್ಲಿ ಮುನ್ನೂರು ಆಟ! ಖಾಲಿಯದನ್ನು ಅಂಗಡಿಯಲ್ಲಿ ಮಾರುತ್ತಾರೆ ಕೂಡ, ವಾರಕ್ಕೆ ನಾಲ್ಕಾದರೂ ಹೋಗುತ್ತವೆ.

ಮೊನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಕುಳಿತು ಒಂದೊಂದೇ ಆಟ ತೆಗೆದು ನೋಡುತ್ತಿದ್ದೆ. 212ನೆಯದಕ್ಕೆ ಹೆಸರೇ ಇಲ್ಲ. ಒತ್ತಿದೆ. ನದಿ ಬಂತು. ದೋಣಿ ಬಂತು. ಅಪ್ಪ, ದೋಣಿಯವನು! ಅಮ್ಮ ಚೌಕದ ಹಾಳೆಯಲ್ಲಿ ಬಿಡಿಸಿದ, ಒಂದು ಭುಜ ಮೇಲೆ ಒಂದು ಭುಜ ಕೆಳಗೆ ಇರುವ ಅದೇ ದೋಣಿಯವನು! ನೀವೂ ನಿಮ್ಮ ಗೆಳೆಯರೂ ಹಿಂದಿನ ಕೋಣೆಯಲ್ಲಿ ಕುಳಿತು ಮಾಡಿದ ಆಟ! ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿ ಅದನ್ನು ಕೆಡಿಸಿ ತೋರಿಸುವುದೇ ಆಗ ನನ್ನ ಉದ್ಯೋಗ, ನೆನಪಿದೆಯಾ? ನಾನು ಕಿರುಚಿದ ಕಿರುಚಿಗೆ ಇವರು ಬೆಸುಗೆ ಕಡ್ಡಿಯನ್ನು ಕಾಲ ಮೇಲೆ ಬೀಳಿಸಿಕೊಂಡರು. ನೀವು ತಕ್ಕಡಿ ಕಂಪನಿಯಲ್ಲಿದ್ದವರು ಎಂದಷ್ಟೇ ಇವರಿಗೆ ಗೊತ್ತಿದ್ದದ್ದು. ನಿಮ್ಮ ಆಟದ ಪ್ರತಿ ಇಷ್ಟು ವರ್ಷ ನನ್ನ ಗಂಡನ ಜೇಬಿನಲ್ಲಿತ್ತು! ಇದು ರುಣಾನುಬಂಧ ಅಲ್ಲದೆ ಮತ್ತೇನು?

ಬರುವ ಭಾನುವಾರಕ್ಕೆ ಮುಂದಿನ ಭಾನುವಾರ ನೀವು ಬಂದು ಕಪಾಟು ಹೊಡೆದುಕೊಡುತ್ತೇನೆ ಎಂದಿದ್ದೀರಿ. ಹಲಗೆಗಳು ನೆಲದ ಮೇಲೆ ಮಲಗಿ ಕಾಯುತ್ತಿವೆ. ಆಗ ಇಬ್ಬರೂ ಸೇರಿ ಆಡಬಹುದು!

ನಿಮ್ಮ
ಗುಂಡಿ


ಜನವರಿ 17

ಗುಂಡಿಗೆ,

ಕಾಗದ ತಲುಪಿತು. ನಲ್ಲಿಗೆ ವಾಷರ್ ಹಾಕಿಸು, ಕೆಮ್ಮು ನಿಲ್ಲುತ್ತದೆ.

ತಿದ್ದುಪಡಿಗಳು. ಮೂವತೆಂಟು ಅಲ್ಲ, ಮೂವತ್ತೆಂಟು. ರುಣ ಅಲ್ಲ, ಋಣ.

ಮೂರನೆಯದು. "ನಿಮ್ಮ ಆಟದ ಪ್ರತಿ" ಎಂದು ಬರೆದಿದ್ದೀಯ. ಪುಸ್ತಕ ಸಾವಿರ ಪ್ರತಿ ಅಚ್ಚಾಯಿತು ಎಂದರೆ ಬರೆದವನ ಒಪ್ಪಿಗೆ ಅದರಲ್ಲಿರುತ್ತದೆ. ಪರೀಕ್ಷೆಯಲ್ಲಿ ಪಕ್ಕದವನದನ್ನು ನೋಡಿ ಬರೆದರೆ ಅದು ನಕಲು. ನಿನ್ನ ಶಾಲೆಯ ಭಾಷೆಯಲ್ಲಿ ಎರಡಕ್ಕೂ ಕಾಪಿ ಎಂಬ ಒಂದೇ ಮಾತು. ನಮ್ಮಲ್ಲಿ ಎರಡಿವೆ, ಎರಡಿರುವುದಕ್ಕೆ ಕಾರಣವೂ ಇದೆ. ನಿನ್ನ ಗಂಡನ ಜೇಬಿನಲ್ಲಿರುವುದು ನಕಲು. ಹೊಡೆದು ತಿದ್ದಿದ್ದೇನೆ.

ಆಗ ನಿನಗೆ ಐದು ವರ್ಷ, ಆದ್ದರಿಂದ ಹೇಳುತ್ತೇನೆ. ಆ ಆಟಕ್ಕೆ ಎರಡು ವರ್ಷ ಹಿಡಿಯಿತು. ನಾಲ್ಕು ನೂರು ಕ್ಯಾಸೆಟ್ಟುಗಳನ್ನು ನಾನೂ ಗೆಳೆಯನೂ ಕೈಯಾರೆ ಬೆಸೆದೆವು. ನೂರಾ ಹನ್ನೊಂದು ಹೋದವು. ನೂರಾ ಹನ್ನೆರಡನೆಯದನ್ನು ಹಿಡಿದು ಅಂಗಡಿಗೆ ಹೋದಾಗ ಅಂಗಡಿಯವನು, "ಇದು ಆಗ್ಲೇ ಎಲ್ಲಾ ಗೇಮ್ ಒಂದರಲ್ಲೇ ಇರೋ ಕ್ಯಾಸೆಟ್ಟಲ್ಲಿ ಬಂದಿದೆಯಲ್ಲ ಸಾರ್, ನಿಮ್ಮದು ಯಾರಿಗೆ ಬೇಕು?" ಎಂದ. ಉಳಿದವುಗಳಿಂದ ಆಟ ತುಂಬಿದ ಚಿಪ್ಪು ಕಿತ್ತು ಬೇರೆ ಕೆಲಸಕ್ಕೆ ಹಾಕಿದೆವು. ಗೆಳೆಯ ಊರು ಬಿಟ್ಟ. ನಾನು ತಕ್ಕಡಿ ಕಂಪನಿ ಸೇರಿ, ಇಪ್ಪತ್ತು ವರ್ಷ ತೂಕದ ಅಂಕಿ ಮಿನುಗದ ಹಾಗೆ ನೋಡಿಕೊಂಡೆ. ಅಂಥದೇ ಕ್ಯಾಸೆಟ್ಟು ಮಾರುವ ಅಂಗಡಿಗೆ ಮಗಳನ್ನು ಕೊಟ್ಟಿದ್ದೇನೆ ಎಂದು ನನಗೆ ಗೊತ್ತಿರಲಿಲ್ಲ.

ಭಾನುವಾರ ಬರುವುದಿಲ್ಲ. ಡ್ರಿಲ್ ಯಂತ್ರ ಪಾರ್ಸೆಲ್ಲಿನಲ್ಲಿ ಬರುತ್ತದೆ. ಕಪಾಟನ್ನು ಅಳಿಯಂದಿರೇ ಹೊಡೆದುಕೊಳ್ಳಲಿ.

ಇತಿ,
ಅಪ್ಪ


ಜನವರಿ 26

ಅಪ್ಪ,

ಡ್ರಿಲ್ ಬಂತು. ಡಬ್ಬಿ ಬಿಚ್ಚಿ ಹತ್ತು ನಿಮಿಷ ಅಳುತ್ತ ಕುಳಿತೆ. ಡ್ರಿಲ್ ಯಂತ್ರ ನೋಡಿ ಅತ್ತ ಮೊದಲ ಹೆಣ್ಣು ನಾನೇ ಇರಬೇಕು.

ನನಗೆ ಗೊತ್ತಿರಲಿಲ್ಲ ಅಪ್ಪ. ಆಟ ನಿಂತುಹೋಯಿತು ಎಂದಷ್ಟೇ ಗೊತ್ತಿತ್ತು, ಯಾಕೆಂದು ಯಾರೂ ಹೇಳಿರಲಿಲ್ಲ. ನಿಮಗೆ ಖುಷಿಯಾಗುತ್ತದೆ ಎಂದು ಕುಣಿದುಕೊಂಡು ಬರೆದೆ. ಗಾಯದ ಮೇಲೆ ಚಪ್ಪಾಳೆ ತಟ್ಟಿದ ಹಾಗಾಯಿತು.

ನಿಮ್ಮ ಕಾಗದವನ್ನು ಇವರಿಗೆ ಕೊಟ್ಟೆ. ಮೊದಲ ಸಾಲು ನೋಡಿ, "ಗುಂಡಿಗೆ ಅಂತ ಬರೆದಿದ್ದಾರೆ, ನಿಮ್ಮಪ್ಪ ನೇರ ಎದೆಗೇ ಕಾಗದ ಬರೀತಾರಾ?" ಎಂದು ನಕ್ಕರು. ಆಮೇಲೆ ನಗಲಿಲ್ಲ. ಎರಡು ಸಲ ಓದಿದರು.

"ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ ಅಂತಾರಲ್ಲ, ನೋಡು, ನನ್ನ ಕೈ ಆಗ್ಲೇ ಹೆಗಲ ಮೇಲಿದೆ" ಎಂದರು.

"ನೀವು ಮಾರೋದು ಖಾಲಿ ಕ್ಯಾಸೆಟ್ ತಾನೆ?" ಎಂದೆ, ಅವರ ಪರವಾಗಿ.

"ಖಾಲಿನೇ. ಒಳಗೆ ಏನು ತುಂಬ್ಕೋತಾರೆ ಅಂತ ನಾನು ಕೇಳಲ್ಲ."

"ಬೆಕ್ಕು ಕಣ್ಣು ಮುಚ್ಕೊಂಡು ಹಾಲು ಕುಡಿದ ಹಾಗೆ?"

"ನೀನು ಯಾರ ಕಡೆ ಮಾರಾಯ್ತಿ?"

ಅದೇ ಅಪ್ಪ, ನಾನು ಯಾರ ಕಡೆ? ಅದನ್ನು ನೋಡೋಣವೆಂದು ಒಂದು ವಾರ ಪೂರ್ತಿ ಅಂಗಡಿಯಲ್ಲಿ ಕುಳಿತೆ. ಒಬ್ಬ ಬಸ್ ಡ್ರೈವರ್ ಬಂದರು. ಅವರ ಹತ್ತಿರ ದುಡ್ಡು ಕೊಟ್ಟು ಕೊಂಡ ನಲವತ್ತು ಕ್ಯಾಸೆಟ್ಟುಗಳಿವೆ. ಹಾಕಿ ತೆಗೆದು ಹಾಕಿ ತೆಗೆದು ಅವುಗಳ ತುದಿಯ ಲೋಹದ ಹಲ್ಲುಗಳು ಸವೆದಿವೆಯಂತೆ. ಎಲ್ಲವನ್ನೂ ಒಂದರಲ್ಲಿ ಇಳಿಸಿಕೊಂಡು ಅಸಲನ್ನು ಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಒಬ್ಬ ಟೀಚರ್ ಬಂದರು, ಮಕ್ಕಳಿಗೆ ಮಗ್ಗಿ ಕಲಿಸಲು ತಾವೇ ಒಂದು ಆಟ ಬರೆದಿದ್ದಾರೆ. ಈ ಕಾರ್ಟ್ ಇಲ್ಲದಿದ್ದರೆ ಅದನ್ನು ಯಂತ್ರದಲ್ಲಿ ಓಡಿಸಿ ನೋಡುವುದು ಹೇಗೆ? ನೀವೂ ಆಗ ಇಂಥದ್ದೇನಾದರೂ ಇಟ್ಟುಕೊಂಡಿರಲಿಲ್ಲವೇ? ಮೂರನೆಯವರು ಬಂದು, "ಎಲ್ಲಾ ಗೇಮ್ ಹಾಕಿರೋದೇ ಕೊಡಿ, ಖಾಲಿ ಯಾರಿಗೆ ಬೇಕು?" ಎಂದರು. ಇವರು ಖಾಲಿಯದನ್ನೇ ಕೊಟ್ಟು ಕಳಿಸಿದರು. ಅವರು ಹೋದ ಮೇಲೆ ನನ್ನ ಕಡೆ ತಿರುಗಿ, "ಹತ್ತರಲ್ಲಿ ಎಂಟು ಜನ ಈ ಮೂರನೆಯವರೇ. ಅದನ್ನೂ ನಿಮ್ಮಪ್ಪನಿಗೆ ಬರಿ" ಎಂದರು. ಬರೆದಿದ್ದೇನೆ.

ಇನ್ನೊಂದು. ಇವರಿಗೆ ಹತ್ತು ವರ್ಷವಿದ್ದಾಗ ಕಾಲು ಎರಡು ಕಡೆ ಮುರಿದು ನಾಲ್ಕು ತಿಂಗಳು ಮಂಚದ ಮೇಲೆ ಇದ್ದರಂತೆ. ದೊಡ್ಡಪ್ಪನ ಮಗ ಒಂದು ಹಳೆಯ ಯಂತ್ರವನ್ನೂ ನಿಮ್ಮ ಅಂಗಡಿಯವನು ಹೇಳಿದಂಥ ಎಲ್ಲ ಆಟದ ಕ್ಯಾಸೆಟ್ಟನ್ನೂ ಕೊಟ್ಟು ಹೋದನಂತೆ. ಅದರಲ್ಲಿ ಇವರಿಗೆ ಹಿಡಿಸಿದ್ದು ನಿಮ್ಮದೊಂದೇ. ಬೆಟ್ಟ, ಸುರಂಗ, ಸಂತೆ ಎಲ್ಲ ದಾಟಿ ನದಿಗೆ ಬರುತ್ತಿದ್ದರು. ದೋಣಿಯವನು "ನಾಳೆ ಬಾ" ಅನ್ನುತ್ತಿದ್ದ. ಮರುದಿನ ಮತ್ತೆ ಮೊದಲಿನಿಂದ ಆಡಿಕೊಂಡು ಬರುತ್ತಿದ್ದರು. "ನಾಳೆ ಬಾ." ದಿನವೂ ಹೋಗಿದ್ದಾರೆ ಅಪ್ಪ, ನಾಲ್ಕು ತಿಂಗಳು! ಇದು ಕಾಯುವ ಆಟವೇ ಇರಬೇಕು, ಎಷ್ಟು ದಿನ ಬಂದೆ ಎಂದು ಅವನು ಲೆಕ್ಕ ಇಡುತ್ತಿರಬೇಕು ಎಂದುಕೊಂಡಿದ್ದರಂತೆ. ಆ ಕ್ಯಾಸೆಟ್ಟು ಹಾಳಾಗುವ ಮೊದಲು ನಿಮ್ಮ ಆಟವನ್ನು ಇಳಿಸಿಟ್ಟುಕೊಂಡದ್ದು ಅದಕ್ಕೇ.

"ನಿಮ್ಮಪ್ಪನ್ನ ಒಂದು ಮಾತು ಕೇಳು. ಅವನು ಯಾವತ್ತಾದ್ರೂ ದೋಣಿ ಹತ್ತಿಸ್ತಾನಾ?"

ಇದು ಅವರ ಪ್ರಶ್ನೆ. ನನ್ನ ಪ್ರಶ್ನೆ, ನೀವು ಯಾವತ್ತು ಬರುತ್ತೀರಿ? ಡ್ರಿಲ್ಲನ್ನು ಯಾರೂ ಮುಟ್ಟಿಲ್ಲ, ಮುಟ್ಟುವುದೂ ಇಲ್ಲ. ಹಲಗೆಗಳನ್ನು ದಿನಕ್ಕೆ ನಾಲ್ಕು ಸಲ ಎಡವುತ್ತಿದ್ದೇನೆ.

ಗುಂಡಿ


ಫೆಬ್ರವರಿ 19

ಗುಂಡಿಗೆ,

ಉತ್ತರ ತಡವಾಯಿತು. ಪೆಟ್ಟಿಗೆಯಲ್ಲಿ ಹಳೆಯ ಹಾಳೆಗಳನ್ನು ಹುಡುಕುತ್ತಿದ್ದೆ.

ಅಳಿಯಂದಿರ ಪ್ರಶ್ನೆಗೆ ಉತ್ತರ: ಹತ್ತಿಸುತ್ತಾನೆ. ಅಸಲು ಇದ್ದವರನ್ನು.

ಕದಿಯುತ್ತಾರೆಂಬ ಅನುಮಾನ ನಮಗೆ ಮೊದಲೇ ಇತ್ತು. ಆದ್ದರಿಂದ ನಮ್ಮ ಬೋರ್ಡಿನಲ್ಲಿ ಅಕ್ಕಿಕಾಳಿನಷ್ಟು ದೊಡ್ಡ ಒಂದು ಹೆಚ್ಚಿನ ಭಾಗ ಬೆಸೆದಿದ್ದೆವು. ಆಟ ನದಿಗೆ ಬಂದಾಗ ಅದನ್ನು ಹುಡುಕುತ್ತದೆ. ಸಿಕ್ಕಿದರೆ ದೋಣಿ ಹೊರಡುತ್ತದೆ. ಚಿಪ್ಪಿನೊಳಗಿನದನ್ನು ಮಾತ್ರ ಕದ್ದವರ ಬೋರ್ಡಿನಲ್ಲಿ ಆ ಭಾಗ ಇರುವುದಿಲ್ಲ. ಅಂಥವರಿಗೆ "ನಾಳೆ ಬಾ." ಅದಕ್ಕಿಂತ ಉದ್ದ ಬೈಯಲು ಜಾಗವಿರಲಿಲ್ಲ. ಒಂದು ಅಕ್ಷರಕ್ಕೆ ಎಂಟು ಚೌಕ ಅಗಲ, ಎಂಟು ಚೌಕ ಎತ್ತರ. "ಳೆ" ಅದರಲ್ಲಿ ಕೂರದೆ ನಿನ್ನಮ್ಮ ಅದಕ್ಕೆ ಎರಡು ಮನೆ ಕೊಟ್ಟಳು.

ಬಲೆ ಕೆಲಸ ಮಾಡಿದೆ ಎಂದು ಇಪ್ಪತ್ತು ವರ್ಷದ ಮೇಲೆ ತಿಳಿದು ನನಗೆ ಸಮಾಧಾನವಾಯಿತು. ಸುಳ್ಳು ಹೇಳುವುದಿಲ್ಲ.

ಖಾಲಿ ಕ್ಯಾಸೆಟ್ಟಿನ ವಿಷಯ. ಕಳ್ಳನಿಗೆ ಚೀಲ ಹೊಲಿದುಕೊಡುವವನು ಚೀಲ ಖಾಲಿಯಿತ್ತು ಎನ್ನಬಹುದು. ಡ್ರೈವರ್, ಟೀಚರ್ ಇಬ್ಬರ ಬಗ್ಗೆಯೂ ನನ್ನ ತಕರಾರಿಲ್ಲ. ಹೌದು, ಪರೀಕ್ಷೆಗೆಂದು ನನ್ನ ಹತ್ತಿರವೂ ಅಂಥದೊಂದು ಇತ್ತು, ನಾನೇ ಮಾಡಿಕೊಂಡದ್ದು. ಉಳಿದ ಎಂಟು ಜನಕ್ಕೆ ಏನು ಹೇಳುತ್ತಾರೆ?

ಇದರೊಂದಿಗೆ ನನ್ನ ಅಸಲು ಕ್ಯಾಸೆಟ್ಟನ್ನು ಕಳಿಸುತ್ತಿದ್ದೇನೆ. ಉಳಿದಿರುವುದು ಇದೊಂದೇ. ನಮ್ಮ ಮುಂದಿನ ಕೋಣೆಯ ಕಿಟಕಿಯ ಮೇಲೆ ಇಟ್ಟಿರುತ್ತಿದ್ದೆನಲ್ಲ, ಅದೇ. ಅಸಲು ಹೇಗೆ ನದಿ ದಾಟುತ್ತದೆ ಎಂದು ಒಮ್ಮೆ ನೋಡಿ ಹಿಂದಕ್ಕೆ ಕಳಿಸಲಿ.

ಇತಿ,
ಅಪ್ಪ

ಗುಂಡೀ, ನಿಮ್ಮಪ್ಪ ಕಾಗದ ಅಂಟಿಸೋ ಮೊದಲು ಕದ್ದು ಬರೀತಿದ್ದೀನಿ. (ಇದು ಯಾವ ಕಳ್ಳತನವೋ ಅವರನ್ನೇ ಕೇಳು.) ಸಮಾಧಾನವಾಯ್ತು ಅಂತ ಬರೆದಿದ್ದಾರಲ್ಲ, ನಿನ್ನ ಕಾಗದ ಬಂದ ದಿನದಿಂದ ಎರಡು ಸಲ ನನ್ನ ಕೇಳಿದ್ದಾರೆ: "ಹತ್ತು ವರ್ಷದ ಹುಡುಗ ಅಂದ್ರೆ ಎಷ್ಟು ಎತ್ತರ ಇರ್ತಾನೆ?" ಅಂತ. — ಅಮ್ಮ


ಮಾರ್ಚ್ 4

ಪೂಜ್ಯ ಮಾವನವರಿಗೆ,

ನಮಸ್ಕಾರ. ಇದನ್ನು ನಾನೇ ಬರೆಯಬೇಕು ಎಂದು ನಿಮ್ಮ ಮಗಳಿಗೆ ಹೇಳಿ ಬರೆಯುತ್ತಿದ್ದೇನೆ.

ನೀವು ಕಳಿಸಿದ ಕ್ಯಾಸೆಟ್ಟು ಜೋಪಾನವಾಗಿ ಬಂತು. ಯಂತ್ರಕ್ಕೆ ಹಾಕಿದೆ, ಪರದೆ ಖಾಲಿ. ಹಲ್ಲುಗಳನ್ನು ಒರೆಸಿ ಹಾಕಿದೆ, ಬೇರೆ ಯಂತ್ರದಲ್ಲಿ ಹಾಕಿದೆ, ಅದೇ. ನಿಮ್ಮ ಅಪ್ಪಣೆಯಿಲ್ಲದೆ ಬಿಚ್ಚಬಾರದಿತ್ತು, ಕ್ಷಮಿಸಿ, ಬಿಚ್ಚಿದೆ.

ಬೋರ್ಡು ಚೆನ್ನಾಗಿದೆ. ಬೆಸುಗೆ ಒಂದೂ ಬಿಟ್ಟಿಲ್ಲ. ಅಷ್ಟು ಅಚ್ಚುಕಟ್ಟಾದ ಕೈಬೆಸುಗೆಯನ್ನು ನಾನು ನೋಡಿಲ್ಲ. ಅಕ್ಕಿಕಾಳಿನಂಥ ಭಾಗವೂ ಸರಿಯಾಗಿದೆ. ಹೋಗಿರುವುದು ಚಿಪ್ಪಿನ ಒಳಗಿನದು. ನೀವು ಹಾಕಿದ್ದು ಮೇಲೆ ಗಾಜಿನ ಕಿಂಡಿ ಇರುವ, ಬೆಳಕು ಬಿಟ್ಟು ಅಳಿಸಿ ಮತ್ತೆ ಬರೆಯಬಹುದಾದ ಚಿಪ್ಪು. ಕಿಂಡಿಗೆ ಅಂಟಿಸಿದ ಚೀಟಿ ಒಣಗಿ ಉದುರಿದೆ. ಕ್ಯಾಸೆಟ್ಟಿನ ಹೊರಕವಚ ಪಾರದರ್ಶಕ. ಕಿಟಕಿಯ ಮೇಲೆ ಎಷ್ಟು ವರ್ಷ ಇತ್ತೋ, ಬಿಸಿಲು ಒಂದಿಷ್ಟೂ ಬಿಡದೆ ಅಳಿಸಿದೆ. ಮೂರು ಸಲ ಓದಿ ನೋಡಿದೆ. ಏನೂ ಇಲ್ಲ.

ನನಗೆ ತಿಳಿದ ಮಟ್ಟಿಗೆ ಈಗ ನಿಮ್ಮ ಆಟ ಇರುವುದು ನನ್ನ ಕಾರ್ಡಿನಲ್ಲಿ ಮಾತ್ರ. ಅದನ್ನು ನಿಮ್ಮ ಚಿಪ್ಪಿಗೆ ಬರೆದು, ನಿಮ್ಮ ಬೋರ್ಡಿನಲ್ಲಿ ಕೂರಿಸಿ, ಏನೂ ಆಗಿಲ್ಲವೆಂಬಂತೆ ಹಿಂದಕ್ಕೆ ಕಳಿಸಬಹುದಿತ್ತು. ಅರ್ಧ ಗಂಟೆಯ ಕೆಲಸ. ನಿಮಗೆ ತಿಳಿಯುತ್ತಿರಲಿಲ್ಲ. ಆದರೆ ನಿಮ್ಮದನ್ನು ನಿಮ್ಮನ್ನು ಕೇಳದೆ ಒಮ್ಮೆ ಇಟ್ಟುಕೊಂಡದ್ದಾಗಿದೆ, ಎರಡನೆಯ ಸಲ ಬೇಡ. ಬರೆಯಲೋ ಬೇಡವೋ ನೀವು ಹೇಳಬೇಕು. ಬೇಡವೆಂದರೆ ಕಾರ್ಡಿನಿಂದಲೂ ಅಳಿಸುತ್ತೇನೆ.

ಎಂಟು ಜನಕ್ಕೆ ಏನು ಹೇಳುತ್ತೇನೆಂದು ಕೇಳಿದ್ದೀರಿ. ಉತ್ತರ ಇನ್ನೂ ಸಿಕ್ಕಿಲ್ಲ.

ತಮ್ಮ ವಿಧೇಯ,
ಅಳಿಯ

ಅಪ್ಪ, "ಹೇಳದೆ ಬರೆದು ಕಳಿಸಿಬಿಡಿ, ಅಪ್ಪನ ಮನಸ್ಸು ಯಾಕೆ ನೋಯಿಸ್ತೀರಿ" ಎಂದು ಎರಡು ದಿನ ಇವರ ಬೆನ್ನು ಬಿದ್ದವಳು ನಾನು. "ಹಾಗೆ ಮಾಡಿದ್ರೆ ಅದೇ ಕಳ್ಳತನ ಕಣೇ" ಎಂದರು. ಮದುವೆಯಾದ ಮೇಲೆ ಮೊದಲ ಜಗಳ. ಅಡುಗೆಮನೆಯಲ್ಲಿ ನಾನು, ಬಚ್ಚಲಲ್ಲಿ ಅವರು, ಮಧ್ಯೆ ನಲ್ಲಿ ಕೆಮ್ಮುತ್ತಿತ್ತು. — ಗುಂಡಿ


ಮಾರ್ಚ್ 27

ಅಪ್ಪ,

ಮೂರು ವಾರವಾಯಿತು. ಅಮ್ಮನಿಗೆ ಫೋನ್ ಮಾಡಿದರೆ "ಚೆನ್ನಾಗಿದ್ದಾರೆ, ಕಿಟಕಿ ಹತ್ರ ಕೂತಿರ್ತಾರೆ" ಎನ್ನುತ್ತಾಳೆ. ಕಿಟಕಿಯ ಮೇಲೆ ಇಟ್ಟದ್ದು ನೀವು ಎಂದು ನಿಮ್ಮನ್ನೇ ಬೈದುಕೊಳ್ಳುತ್ತಿದ್ದೀರಾ? ಬಿಸಿಲಿಗೆ ಗೊತ್ತಾ ಅಪ್ಪ, ಯಾವುದು ಯಾರ ಕಸ್ಟ ಎಂದು?

ಒಂದೇ ಒಂದು ಸಾಲು ಬರೆಯಿರಿ. ಬೈದಾದರೂ ಬರೆಯಿರಿ. ನಮ್ಮ ಸಂಭಂದ ಒಂದು ಕ್ಯಾಸೆಟ್ಟಿನಷ್ಟು ಚಿಕ್ಕದಾ? ಹಲಗೆ ಎಡವುವುದು ಈಗ ಅಬ್ಯಾಸವಾಗಿದೆ. ಬಾನುವಾರ ಬಂದರೆ ಮೆಟ್ಟಿಲಿನ ಸದ್ದು ಕೇಳುತ್ತ ಕೂರುತ್ತೇನೆ, ಕೆಳಗಿನ ಮನೆಯವರ ನೆಂಟರೆಲ್ಲ ನನಗೆ ಪರಿಚಯವಾಗಿದ್ದಾರೆ.

ಈ ಕಾಗದದಲ್ಲಿ ಬೇಕೆಂದೇ ನಾಲ್ಕು ತಪ್ಪು ಮಾಡಿದ್ದೇನೆ. ನೀವು ತಿದ್ದದೆ ಇರಲಾರಿರಿ ಎಂಬ ದೈರ್ಯದಿಂದ.

ಗುಂಡಿ


ಏಪ್ರಿಲ್ 5

ಗುಂಡಿಗೆ,

ಕಷ್ಟ. ಸಂಬಂಧ. ಅಭ್ಯಾಸ. ಭಾನುವಾರ. ಐದನೆಯದು ಧೈರ್ಯ, ಅದು ಬೇಕೆಂದು ಮಾಡಿದ್ದಲ್ಲ, ನಿನ್ನ ಸ್ವಂತದ್ದು.

ಬೆಳಕು ಬಿದ್ದರೆ ಅಳಿಸುತ್ತದೆ ಎಂದು ನಾನೇ ಗೆಳೆಯನಿಗೆ ನೂರು ಸಲ ಹೇಳಿದವನು. ನಾಲ್ಕು ನೂರು ಕಿಂಡಿಗಳಿಗೂ ಚೀಟಿ ಅಂಟಿಸಿದವನು ನಾನು. ಬೆಸುಗೆ ಕಾಣಲಿ ಎಂದು ಪಾರದರ್ಶಕ ಕವಚ ಬೇಕೆಂದು ಹಟ ಹಿಡಿದವನೂ ನಾನೇ. ಮನೆಗೆ ಬಂದವರಿಗೆ ಕಾಣಲಿ ಎಂದು ಕಿಟಕಿಯ ಮೇಲೆ ಇಟ್ಟೆ. ಬಂದವರು ಯಾರೂ ಅದೇನೆಂದು ಕೇಳಲಿಲ್ಲ. ಬಿಸಿಲು ಮಾತ್ರ ನೋಡಿತು. ಎಷ್ಟೋ ವರ್ಷಗಳಿಂದ ನಾನು ಒರೆಸಿ ಒರೆಸಿ ಇಡುತ್ತಿದ್ದದ್ದು ಖಾಲಿ ಕ್ಯಾಸೆಟ್ಟನ್ನು. ಇದನ್ನು ಯಾರ ಮೇಲೂ ಹೊರಿಸುವ ಹಾಗಿಲ್ಲ.

ಇನ್ನೊಂದು ಮಾತು. ಆ ಬಲೆಯನ್ನು ನಾವು ಹಾಕಿದ್ದು ಕದ್ದು ಮಾರುವವರಿಗೆ. ಕದ್ದು ಮಾರಿದವರು ಯಾರೂ ಆಟ ಆಡಲಿಲ್ಲ. ಆಡಿದ್ದು ಕಾಲು ಮುರಿದ ಒಂದು ಮಗು. ಅಸಲು ಬೇಕೆಂದು ಅದು ಯಾರನ್ನು ಕೇಳಬೇಕಿತ್ತು? ಆ ಹೊತ್ತಿಗೆ ಅಂಗಡಿಗಳಲ್ಲಿ ಅಸಲು ಇರಲೇ ಇಲ್ಲ, ಚಿಪ್ಪು ಕಿತ್ತಾಗಿತ್ತು. ಸಮಾಧಾನವಾಯಿತು ಎಂದು ಬರೆದಿದ್ದೆ. ಆ ಸಾಲನ್ನು ಹೊಡೆದುಹಾಕು.

ಕದಿಯುವುದು ತಪ್ಪು ಎಂಬ ನನ್ನ ಮಾತು ಬದಲಾಗಿಲ್ಲ. ಎಂಟು ಜನದ ಪ್ರಶ್ನೆಯೂ ಹಾಗೆಯೇ ಇದೆ. ಉತ್ತರ ಸಿಕ್ಕಿಲ್ಲ ಎಂದು ಅಳಿಯಂದಿರು ನೇರವಾಗಿ ಬರೆದದ್ದು ಒಳ್ಳೆಯದಾಯಿತು. ಸಿಕ್ಕಿದೆ ಎಂದಿದ್ದರೆ ನಾನು ನಂಬುತ್ತಿರಲಿಲ್ಲ.

ಚಿಪ್ಪಿಗೆ ಬರೆಯಲಿ. ಆದರೆ ನಾನು ಎದುರಿಗೆ ಇರುವಾಗ. ಶನಿವಾರ ಬೆಳಗಿನ ಬಸ್ಸಿಗೆ ಬರುತ್ತೇನೆ. ನಿನ್ನಮ್ಮನಿಗೆ ಶಾಲೆಯಲ್ಲಿ ಮಕ್ಕಳ ಚಿತ್ರಕಲೆಯ ಪರೀಕ್ಷೆ, ಬರಲಾಗುವುದಿಲ್ಲ. ಗೋಡೆ ಇಟ್ಟಿಗೆಯದೋ ಕಾಂಕ್ರೀಟಿನದೋ ತಟ್ಟಿ ನೋಡಿ ಇಟ್ಟಿರಿ.

ಇತಿ,
ಅಪ್ಪ


ಏಪ್ರಿಲ್ 14

ಅಮ್ಮ,

ಎಲ್ಲಿಂದ ಶುರು ಮಾಡಲಿ! ಅಪ್ಪ ನಿನ್ನೆಯೇ ಹೊರಡಬೇಕಿತ್ತು, ಹೊರಟಿಲ್ಲ. ನಾಳೆ ಅನ್ನುತ್ತಿದ್ದಾರೆ. ನಿನ್ನೆಯೂ ನಾಳೆ ಅಂದಿದ್ದರು.

ಶನಿವಾರ ಬಂದವರೇ ಚಪ್ಪಲಿ ಬಿಡುವ ಮೊದಲು ಗೋಡೆ ತಟ್ಟಿದರು. ಇವರು ಹಲಗೆ ಹಿಡಿದರು, ಅಪ್ಪ ಡ್ರಿಲ್ ಹಿಡಿದರು. ಇಬ್ಬರ ನಡುವೆ ಮೊದಲ ಒಂದು ಗಂಟೆಯ ಮಾತುಕತೆ ಇಷ್ಟೇ: "ಮೇಲೆ." "ಇಷ್ಟಾ?" "ಕೆಳಗೆ." "ಇಷ್ಟಾ?" "ಸ್ವಲ್ಪ." ಕಪಾಟು ಒಂದು ಕಡೆ ತುಸು ಕೆಳಗಿದೆ, ನಿನ್ನ ದೋಣಿಯವನ ಭುಜದ ಹಾಗೆ.

ಮಧ್ಯಾಹ್ನ ಅಂಗಡಿಗೆ ಹೋದೆವು. ಇವರು ಒಳಗೆ ಚಿಪ್ಪು ಬರೆಯುವ ಯಂತ್ರ ತೆಗೆಯುತ್ತಿದ್ದರು, ಅಪ್ಪ ಗಲ್ಲಾಪೆಟ್ಟಿಗೆಯ ಹತ್ತಿರ ಇವರ ಕುರ್ಚಿಯಲ್ಲಿ ಕುಳಿತಿದ್ದರು. ಆಗ ಒಬ್ಬರು ಬಂದು, "ಯಜಮಾನ್ರೇ, ಎಲ್ಲಾ ಗೇಮ್ ಹಾಕಿರೋ ಕ್ಯಾಸೆಟ್ ಇದೆಯಾ?" ಎಂದರು. ಅಪ್ಪನಿಗೆ ಕೇಳಿಸಲಿಲ್ಲ ಎಂದುಕೊಂಡೆ. ಅಪ್ಪ ಕನ್ನಡಕದ ಮೇಲಿನಿಂದ ಅವರನ್ನು ನೋಡಿ, ನಿಧಾನವಾಗಿ, "ನಾಳೆ ಬಾ" ಎಂದರು!

ಒಳಗಿನಿಂದ ಇವರ ನಗು ಮೊದಲು ಬಂತು, ಆಮೇಲೆ ಇವರು ಬಂದರು. "ಮಾವ, ಎಂಟು ಜನಕ್ಕೆ ಉತ್ತರ ಸಿಕ್ತು" ಎಂದರು. ಅಪ್ಪ, "ಸಿಕ್ಕಿಲ್ಲ. ನಾಳೆ ಮತ್ತೆ ಬರ್ತಾರೆ, ಆಗ ಏನ್ ಹೇಳ್ತೀರಿ?" ಎಂದರು. ಅದರ ಮೇಲೆ ಇಬ್ಬರೂ ಮುಕ್ಕಾಲು ಗಂಟೆ ವಾದ ಮಾಡಿದರು. ಒಪ್ಪಂದವಾಗಲಿಲ್ಲ. ಇವತ್ತು ಬೆಳಿಗ್ಗೆಯೂ ಆಗಿಲ್ಲ. ಆದರೆ ಈಗ ಅಳಿಯಂದಿರು ಹೋಗಿ "ಏನಯ್ಯ" ಆಗಿದೆ. ಇದನ್ನು ನಾನು ಯಾರಿಗೂ ಎತ್ತಿ ತೋರಿಸಿಲ್ಲ, ದೃಷ್ಟಿಯಾದೀತು!

ಚಿಪ್ಪಿಗೆ ಬರೆದದ್ದು ನಾಲ್ಕು ನಿಮಿಷದ ಕೆಲಸ. ಅಪ್ಪ ಯಂತ್ರದ ಮೇಲೆ ಕೈ ಇಟ್ಟುಕೊಂಡೇ ಇದ್ದರು, ಕಾವು ನೋಡುವವರ ಹಾಗೆ. ಕಿಂಡಿಗೆ ತಾವೇ ಹೊಸ ಚೀಟಿ ಅಂಟಿಸಿದರು, ಮೇಲೊಂದು ಕಪ್ಪು ಟೇಪು. ಬೋರ್ಡಿನಲ್ಲಿ ಕೂರಿಸಿ, ಕವಚ ಮುಚ್ಚಿ, ಯಂತ್ರವನ್ನು ಇವರ ಕೈಗೆ ಕೊಟ್ಟು, "ಆಡಯ್ಯ" ಎಂದರು.

ಇವರು ಆಡಿದರು. ಬೆಟ್ಟ. ಸುರಂಗ. ಸಂತೆ. ಮಂಚದ ಮೇಲೆ ಕಲಿತದ್ದು ಬೆರಳಿಗೆ ಇನ್ನೂ ನೆನಪಿದೆ. ನದಿ ಬಂತು. ನಾವು ಮೂವರೂ ಅಷ್ಟು ಸಣ್ಣ ಪರದೆಗೆ ತಲೆ ತಾಗಿಸಿ ನಿಂತಿದ್ದೆವು. ದೋಣಿಯವನು ತಿರುಗಿದ. "ಹತ್ತು" ಎಂದ. ಅಷ್ಟೇ ಅಮ್ಮ, ಒಂದೇ ಮಾತು. ಇವರು ಗುಂಡಿ ಒತ್ತುವುದನ್ನೇ ಮರೆತರು. "ಹತ್ತಯ್ಯಾ, ಹೊರಟುಹೋಗ್ತಾನೆ!" ಎಂದು ಅಪ್ಪ ಕೂಗಿದರು.

ಹತ್ತಿದರು. ದಾಟಿದರು. ಇಪ್ಪತ್ತು ವರ್ಷ ಕಾದು ಆ ದಡಕ್ಕೆ ಕಾಲಿಟ್ಟವರು, ಮೂರನೆಯ ಹೆಜ್ಜೆಗೆ ನೇರವಾಗಿ ಹೋಗಿ ಒಂದು ಗುಂಡಿಗೆ ಬಿದ್ದರು!

ಅಪ್ಪ ನಕ್ಕ ನಗು ನೀನು ಕೇಳಬೇಕಿತ್ತು. ಪಕ್ಕದ ಅಂಗಡಿಯವರು ಬಂದು ಏನಾಯಿತೆಂದು ಕೇಳಿದರು. "ನಿಮ್ಮ ಮಗಳ ಹೆಸರು ಸುಮ್ಮನೆ ಇಟ್ಟಿಲ್ಲ" ಎಂದರು ಇವರು. ಆಮೇಲೆ ಯಂತ್ರ ನೋಡುತ್ತ, "ಮತ್ತೆ ಮೊದಲಿಂದಾನಾ ಮಾವ?" ಎಂದರು.

"ಮತ್ತೆ ಮೊದಲಿಂದ" ಎಂದು ಅಪ್ಪ ಕುರ್ಚಿ ಹತ್ತಿರ ಎಳೆದುಕೊಂಡರು.

ನಿನ್ನ
ಗುಂಡಿ

ತಾ.ಕ. ಒಂದು ಹೇಳುವುದು ಮರೆತೆ. ಕಿಂಡಿಗೆ ಅಂಟಿಸುವ ಚೀಟಿಯ ಮೇಲೆ ಏನು ಬರೆಯುವುದೆಂದು ಅಪ್ಪ ಕೆಂಪು ಪೆನ್ನು ಹಿಡಿದು ತುಂಬ ಹೊತ್ತು ಕುಳಿತಿದ್ದರು. ಇವರು "ಅಸಲು ಅಂತ ಬರೀರಿ ಮಾವ" ಎಂದರು. ಅಪ್ಪ ತಲೆಯಾಡಿಸಿದರು. ಕೊನೆಗೆ ಒಂದೇ ಮಾತು ಬರೆದು ಟೇಪು ಹಚ್ಚಿದರು. ಟೇಪು ಬೀಳುವ ಮೊದಲು ನಾನು ಓದಿಕೊಂಡೆ. "ಪ್ರತಿ" ಎಂದಿತ್ತು.